ಅಪ್ಪಯ್ಯನ ಕೃತಕ ಕಾಲು ಮೂಲೆ ಸೇರಿದೆ, ಮನೆಯಲ್ಲೇ ಏನು ವ್ಯಾಯಾಮ ಮಾಡಿಸಬಹುದು?

ತೋಟದಮನೆ ಮಗಳು, ಸಾಗರ

ನಮಸ್ಕಾರ. ಅಪ್ಪಯ್ಯನಿಗೆ 58. ಸಕ್ಕರೆ ಕಾಯಿಲೆ, ಗಾಯ ಮಾಯಲೇ ಇಲ್ಲ, ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಕೃತಕ ಕಾಲು ಹಾಕಿಸಿದ್ದೇವೆ. ಜಗಲಿಯಿಂದ ಅಂಗಳಕ್ಕೆ ಹೋಗುವಷ್ಟರಲ್ಲಿ "ಕಚ್ಚುತ್ತೆ ಮಾರಾಯ್ತಿ" ಅಂತ ಬಿಚ್ಚಿಡುತ್ತಾರೆ. ಆಮೇಲೆ ಇಡೀ ದಿನ ಕುರ್ಚಿ, ಮಂಡಿ ಕೆಳಗೆ ದಿಂಬು, ಟಿವಿ. ತೋಟಕ್ಕೆ ಇಳಿಯಬೇಕು ಅನ್ನೋದೊಂದೇ ಆಸೆ. ಆದರೆ ಕಾಲುವೆ ದಾಟೋಕೆ ಸಂಕ (ಕಿರುಸೇತುವೆ) ಇದೆ, ನೆನೆಸಿಕೊಂಡರೆ ನನಗೇ ಭಯ. ರಾತ್ರಿ ಹೊತ್ತು ಇಲ್ಲದ ಪಾದದ ಹೆಬ್ಬೆರಳು ಉರಿಯುತ್ತೆ ಅಂತಾರೆ. ಫಿಸಿಯೋಗೆ ವಾರವಾರ ಶಿವಮೊಗ್ಗಕ್ಕೆ ಓಡಾಡೋದು ಆಗ್ತಿಲ್ಲ. ಗೊತ್ತಿರೋರು ಹೇಳಿ.

ಗಿರಣಿ ಅಣ್ಣ, ಅರಸೀಕೆರೆ

ತಂಗಿ, ಮೊದಲು ಆ ದಿಂಬು ತೆಗೀರಿ. ಇವತ್ತೇ.

ನನಗೂ ಬಲಗಾಲು ಮಂಡಿ ಕೆಳಗಿಲ್ಲ, ಬೈಕ್ ಅಪಘಾತ. ಹಿಟ್ಟಿನ ಗಿರಣಿ ನಡೆಸ್ತೀನಿ, ದಿನಪೂರ್ತಿ ನಿಂತೇ ಕೆಲಸ. ದಿಂಬಿನ ಮೇಲೆ ಮಂಡಿ ಮಡಚಿಟ್ಟುಕೊಂಡೇ ಇದ್ದರೆ ತೊಡೆಯ ಹಿಂದಿನ ಸ್ನಾಯು ಗಿಡ್ಡ ಆಗುತ್ತೆ, ಮಂಡಿ ನೆಟ್ಟಗಾಗೋದೇ ಇಲ್ಲ. ಆಮೇಲೆ ಎಂಥ ದುಬಾರಿ ಕಾಲು ಹಾಕಿಸಿದರೂ ಕುಂಟೋದು ತಪ್ಪಲ್ಲ. ಕೂತಾಗ ಎದುರಿಗೊಂದು ಸ್ಟೂಲ್ ಹಾಕಿ, ಮಂಡಿ ನೇರ ಇರಲಿ. ದಿನಕ್ಕೆ ಎರಡು ಮೂರು ಸಲ ಚಾಪೆ ಮೇಲೆ ಬೋರಲು ಮಲಗಲಿ, ಹದಿನೈದು ಇಪ್ಪತ್ತು ನಿಮಿಷ. ರೇಡಿಯೋ ಹಚ್ಚಿಡಿ, ಬೈಗುಳ ಕಡಿಮೆಯಾಗುತ್ತೆ.

ಬೋರಲು ಮಲಗಿದಲ್ಲೇ ಕಾಲನ್ನು ಸೊಂಟದಿಂದ ಹಿಂದಕ್ಕೆ ಎತ್ತಿ ಇಳಿಸೋದು. ಅಂಗಾತ ಮಲಗಿ, ಮಂಡಿ ಹಿಂದೆ ಟವೆಲ್ ಸುರುಳಿ ಇಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸಿ ಬಿಡೋದು. ಸುರುಳಿ ಆ ಹೊತ್ತಿಗೆ ಮಾತ್ರ, ಆಮೇಲೆ ಅಲ್ಲೇ ಬಿಟ್ಟರೆ ಅದೂ ದಿಂಬೇ.

ಇನ್ನು ನಿಲ್ಲೋದು. ಕೃತಕ ಕಾಲಿನ ಮೇಲೆ ಭಾರ ಹಾಕೋಕೆ ಎಲ್ಲರಿಗೂ ಅನುಮಾನ, ಒಳ್ಳೇ ಕಾಲಿನ ಮೇಲೇ ನೇತಾಡ್ತಾರೆ. ನಾನು ಗಿರಣಿಯ ತಕ್ಕಡಿ ಉಪಯೋಗಿಸಿದೆ. ಕೃತಕ ಕಾಲು ತಕ್ಕಡಿ ಮೇಲೆ, ಒಳ್ಳೇ ಕಾಲು ಪಕ್ಕದಲ್ಲಿ ಅಷ್ಟೇ ಎತ್ತರದ ಹಲಗೆ ಮೇಲೆ, ಕೈ ಗೋಡೆಗೆ. ನನ್ನ ತೂಕ 70 ಕೆಜಿ. ಮೊದಮೊದಲು ಮುಳ್ಳು 20 ದಾಟುತ್ತಿರಲಿಲ್ಲ. ನಿಧಾನಕ್ಕೆ 35ಕ್ಕೆ ಬಂತು, ಆಮೇಲೆ ಗೋಡೆ ಬಿಟ್ಟೆ. ನಿಮ್ಮಲ್ಲಿ ಅಡಿಕೆ ತೂಗೋ ತಕ್ಕಡಿ ಇದ್ದೇ ಇರುತ್ತಲ್ಲ? ನಿಮ್ಮ ತಂದೆಗೆ ವ್ಯಾಯಾಮ ಅಂದರೆ ಬೇಜಾರಿರಬಹುದು, ತೂಕ ನೋಡೋದರಲ್ಲಿ ಬೇಜಾರಿಲ್ಲ.

ಫಿಸಿಯೋ, ಉಡುಪಿ

ಗಿರಣಿಯವರು ಹೇಳಿದ್ದು ಸರಿ. ಸಕ್ಕರೆ ಕಾಯಿಲೆ ಇರೋದರಿಂದ ಒಂದೆರಡು ಮಾತು. ಇಂಥವರಿಗೆ ಚರ್ಮ ಉಜ್ಜಿ ಹೋಗಿದ್ದೂ ಗೊತ್ತಾಗದೆ ಇರಬಹುದು. ಕಾಲು ಬಿಚ್ಚಿದಾಗಲೆಲ್ಲ ಮಂಡಿ ಕೆಳಗೆ ಉಳಿದಿರುವ ಮೋಟು ಕಾಲಿನ, ಅಂದರೆ ಸ್ಟಂಪ್‌ನ ಸುತ್ತ ನೋಡಿ, ಕೆಳಭಾಗಕ್ಕೆ ಕನ್ನಡಿ ಹಿಡಿಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಹೋಗುವ ಕೆಂಪು ಪರವಾಗಿಲ್ಲ. ಹೋಗದಿದ್ದರೆ, ಗುಳ್ಳೆ ಎದ್ದರೆ, ಆ ಕಾಲು ಹಾಕಬೇಡಿ, ತೋರಿಸಿ. ಉಳಿದಿರುವ ಬಲಪಾದವನ್ನೂ ದಿನಾ ನೋಡಿ, ಬೆರಳ ಸಂದಿ ಬಿಡಬೇಡಿ. ಇನ್ಸುಲಿನ್ ತಗೊಳ್ತಿದ್ದರೆ ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಬೇಡ, ರಕ್ತದ ಸಕ್ಕರೆ ತೀರಾ ಇಳಿಯಬಹುದು, ತಿನ್ನೋಕೆ ಸಕ್ಕರೆ ಕೈಗೆ ಸಿಗುವಂತಿರಲಿ.

ಇಲ್ಲದ ಬೆರಳಿನ ಉರಿ ಭ್ರಮೆಯಲ್ಲ, ಅವರು ಹೇಳಿದರೆ ನಂಬಿ. 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಇದಕ್ಕೆ ಕನ್ನಡಿ ಪ್ರಯೋಗ ಮಾಡಿದರು. ಎರಡು ಕಾಲಿನ ನಡುವೆ ಉದ್ದ ಕನ್ನಡಿ ನಿಲ್ಲಿಸಿ, ಸ್ಟಂಪ್ ಕನ್ನಡಿಯ ಹಿಂದಿರಲಿ. ಬಲಪಾದದ ಬೆರಳು ಮಡಚಿ ಬಿಡಿಸುತ್ತ ಪ್ರತಿಬಿಂಬ ನೋಡಬೇಕು, ಇಲ್ಲದ ಪಾದವೇ ಆಡಿದಂತೆ ಕಾಣುತ್ತೆ. ಎಲ್ಲರಿಗೂ ಫಲ ಕೊಡುತ್ತೆ ಅಂತಲ್ಲ, ಖರ್ಚಂತೂ ಇಲ್ಲ. ಉರಿ ನಿದ್ದೆ ಕೆಡಿಸುತ್ತಿದ್ದರೆ ಡಾಕ್ಟರ್ ಹತ್ತಿರ ಹೇಳಿ, ಮಾತ್ರೆಗಳಿವೆ.

ಮೈದಾನ

ನಮ್ಮ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಹೈಜಂಪ್‌ನಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದ ವಿಡಿಯೋ ತೋರಿಸಿ ಮೇಡಂ. ಹುರುಪು ಬರುತ್ತೆ.

ಗಿರಣಿ ಅಣ್ಣ, ಅರಸೀಕೆರೆ

ಗಿರೀಶ್ ನಮ್ಮ ಹಾಸನ ಜಿಲ್ಲೆಯವರೇ ಸ್ವಾಮಿ, ಹೆಮ್ಮೆ ಇದೆ. ಆದರೆ ನಾನು ಹಾಸಿಗೆ ಮೇಲಿದ್ದಾಗ ನೆಂಟರೆಲ್ಲ ಇಂಥ ವಿಡಿಯೋ ಕಳಿಸಿ ಕಳಿಸಿ ತಲೆ ತಿಂದಿದ್ದರು. ಆ ಯಜಮಾನರು ಏನನ್ನೂ ಹಾರಬೇಕಿಲ್ಲ, ಸಂಕ ದಾಟಿದರೆ ಸಾಕು.

ತೋಟದಮನೆ ಮಗಳು, ಸಾಗರ

ದಿಂಬು ತೆಗೆದೆ. "ಇದನ್ನೂ ಕಿತ್ಕೋ" ಅಂತ ಸಿಟ್ಟು. ತಕ್ಕಡಿಗೆ ಮಾತ್ರ ತಕ್ಷಣ ಒಪ್ಪಿದರು, ಮುಳ್ಳು ಸರಿ ಇಲ್ಲ ಅಂತ ವಾದ ಬೇರೆ! ಅಣ್ಣ, ಕಚ್ಚೋದು ಸ್ಟಂಪ್‌ನ ತುದಿಯಲ್ಲಿ. ಬೆಳಿಗ್ಗೆ ಕಡಿಮೆ, ಸಂಜೆ ಜಾಸ್ತಿ. ಯಾಕೆ?

ಗಿರಣಿ ಅಣ್ಣ, ಅರಸೀಕೆರೆ

ಸಂಜೆ ಹೊತ್ತಿಗೆ ಸ್ಟಂಪ್ ಸೊರಗುತ್ತೆ, ಸಾಕೆಟ್ (ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲು) ಸಡಿಲ ಆಗಿ ಕಾಲು ಒಳಕ್ಕೆ ಇಳಿಯುತ್ತೆ, ತುದಿ ತಳಕ್ಕೆ ತಾಗುತ್ತೆ. ಮಧ್ಯಾಹ್ನ ಇನ್ನೊಂದು ಸ್ಟಂಪ್ ಸಾಕ್ಸ್ ಸೇರಿಸಿ ನೋಡಿ, ಸುಕ್ಕು ಬರಬಾರದು. ಮೊದಲ ವರ್ಷ ಸ್ಟಂಪ್ ಹೇಗೂ ಸಣ್ಣಗಾಗುತ್ತೆ. ಸಾಕ್ಸ್ ಮೇಲೆ ಸಾಕ್ಸ್ ಹಾಕಿದರೂ ಸಡಿಲ ಅಂದರೆ ಸಾಕೆಟ್ಟೇ ಹೊಸದು ಬೇಕು, ಮಾಡಿದವರ ಹತ್ತಿರ ಹೋಗಿ. ಅವರು ಕೈಗೆ ಸಿಗದಿದ್ದರೆ ಕೃತಕ ಕಾಲು ಮಾಡುವ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯಲ್ಲಿ ವಿಚಾರಿಸಿ.

ಪಾದ ಯಾವುದು ಅಂತಲೂ ಕೇಳಿಕೊಳ್ಳಿ. ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ, ಡಾ. ಪಿ.ಕೆ. ಸೇಠಿ ಸೇರಿ 1968ರಲ್ಲಿ ರೂಪಿಸಿದ ರಬ್ಬರ್ ಪಾದ ಬರಿಗಾಲಲ್ಲಿ ಕೆಸರಿಗೆ ಇಳಿಯೋರಿಗೆ, ಕುಕ್ಕರಗಾಲಲ್ಲಿ ಕೂರೋರಿಗೆ ಅಂತಲೇ ಮಾಡಿದ್ದು. ಬೇರೆ ಪಾದಗಳಲ್ಲಿ ಕೆಲವನ್ನು ಚಪ್ಪಲಿಯ ಹಿಮ್ಮಡಿ ಎತ್ತರಕ್ಕೆ ತಕ್ಕಂತೆ ಹೊಂದಿಸಿರುತ್ತಾರೆ, ಚಪ್ಪಲಿ ಬದಲಾದರೆ ನಡಿಗೆ ಕೆಡುತ್ತೆ. ಆದ್ದರಿಂದ ಹೋಗುವಾಗ ತೋಟಕ್ಕೆ ಹಾಕೋ ಚಪ್ಪಲಿಯನ್ನೇ ಒಯ್ಯಿರಿ, ಮದುವೆ ಮನೆ ಚಪ್ಪಲಿ ಬೇಡ.

ಸಂಕಕ್ಕೆ ಎರಡೂ ಕಡೆ ಅಡಿಕೆ ದಬ್ಬೆಯ ಕೈಹಿಡಿ ಕಟ್ಟಿಸಿ, ಪಾಚಿ ಕೆರೆಸಿ. ಇಳಿಜಾರು, ಮೆಟ್ಟಿಲು ಇಳಿಯುವಾಗ ಕೃತಕ ಕಾಲು ಮೊದಲು, ಹತ್ತುವಾಗ ಒಳ್ಳೇ ಕಾಲು ಮೊದಲು, ಕೋಲು ಬಲಗೈಯಲ್ಲಿ. ಮಳೆಗಾಲ ಮುಗಿಯೋವರೆಗೆ ಅಂಗಳದಲ್ಲೇ ಅಭ್ಯಾಸ ಮಾಡಲಿ.