ಪದ ಬೇಕು (ತುರ್ತು): ಹಳೇ ಕಾರಿನಲ್ಲಿ ಸ್ಟೀರಿಯೋ ಕೂರುವ ಜಾಗಕ್ಕೆ ಏನಂತೀರಿ? (ಹೆಸರಿನ ಬದಲು ಊರು ಬರೆದರೆ ಸಾಕು.)

ದಾವಣಗೆರೆ:
ಪಿ.ಬಿ. ರಸ್ತೆಯ ಕಾರ್ ಆಕ್ಸೆಸರೀಸ್ ಅಂಗಡಿಯೊಂದಕ್ಕೆ ಬೋರ್ಡು ಆಗಬೇಕು. ಜೊತೆಗೆ ಸ್ಟೀರಿಯೋ ಸೆಟ್ಟಿನ ಡಬ್ಬಿಯಲ್ಲಿ ಇಟ್ಟು ಕೊಡುವ ಒಂದು ಹಾಳೆಯ ಸೂಚನೆ. ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕಲ್ಲ, ಹಾಗಾಗಿ ಅವಸರ. ಸಂಜೆ 6ಕ್ಕೆ ಮ್ಯಾಟರ್ ಕೊಡಬೇಕು. ಸಿಕ್ಕಿಕೊಂಡಿರುವುದು ನಾಲ್ಕು ಕಡೆ. ಡ್ಯಾಶ್‌ಬೋರ್ಡಿನ ನಡುವೆ ಸ್ಟೀರಿಯೋ ಹೋಗಿ ಕೂರುವ ಜಾಗ, ಅಂದರೆ ಕನ್ಸೋಲ್. ಸೆಟ್ಟಿನ ಸುತ್ತ ಉಳಿಯುವ ಸಂದು ಮುಚ್ಚುವ ಪ್ಲಾಸ್ಟಿಕ್ಕು. ಸೆಟ್ಟು ಜಾರಿ ಒಳಗೆ ಹೋಗುವ ತಗಡಿನ ಪೆಟ್ಟಿಗೆ. ಕೊನೆಗೆ ‘ಇನ್‌ಸ್ಟಾಲ್’.

ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ಕಿಗೂ ‘ಫ್ರೇಮು’, ತಗಡಿಗೂ ‘ಫ್ರೇಮು’. ಎದುರಿಗೆ ನಿಂತು ಬೆರಳು ತೋರಿಸಿ ಹೇಳುವಾಗ ನಡೆಯುತ್ತೆ. ಹಾಳೆಯಲ್ಲಿ ‘ಮೊದಲು ಫ್ರೇಮು ಹಾಕಿ, ನಂತರ ಫ್ರೇಮು ಹಾಕಿ’ ಅಂತ ಅಚ್ಚಾದರೆ ಓದಿದವನು ಏನು ಮಾಡಬೇಕು?

ಹೊಳಲ್ಕೆರೆ:
ಇನ್‌ಸ್ಟಾಲ್‌ಗೆ ‘ಅಳವಡಿಸು’. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಅಳವು ಎಂದರೆ ಅಳತೆ. ಅಳವಿಗೆ ಒಳಪಡುವುದು ಅಳವಡುವುದು. ಪಕಾರಕ್ಕೆ ವಕಾರ ಬಂದಿರುವುದನ್ನು ವೈಯಾಕರಣ ಕೇಶಿರಾಜನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅಳತೆಗೆ ಸರಿಯಾಗಿ ಕೂರಿಸುವ ಕೆಲಸಕ್ಕೆ ಇದಕ್ಕಿಂತ ಹೊಂದುವ ಪದ ಬೇರೆ ಯಾವ ನುಡಿಯಲ್ಲಿದೆ?

ಡ್ಯಾಶ್‌ಬೋರ್ಡನ್ನು ಮಾತ್ರ ಹಾಗೇ ಬಿಡಿ. ಕುದುರೆ ಗಾಡಿಯಲ್ಲಿ ಗೊರಸಿನಿಂದ ಎರಚುವ ಕೆಸರು ಕೂತವರ ಮೈಗೆ ಸಿಡಿಯದಂತೆ ಮುಂದೆ ನಿಲ್ಲಿಸುತ್ತಿದ್ದ ಹಲಗೆ ಅದು. ಅರ್ಥ ನೋಡಿ ಅನುವಾದಿಸಿದರೆ ‘ಕೆಸರುಹಲಗೆ’ ಆಗುತ್ತದೆ. ಹಾಗೆ ಬರೆಸಿದರೆ ಗಿರಾಕಿ ಮಡ್‌ಗಾರ್ಡ್ ಕೇಳಿಕೊಂಡು ಬರುತ್ತಾನೆ.

ಹರಿಹರ:
ಅಳವಡಿಸು ಬೋರ್ಡಿಗೆ ಸರಿ. ಕೆಲಸ ಮಾಡೋರು ಯಾರೂ ಹಾಗನ್ನಲ್ಲ. ‘ಟೇಪ್ ಕುಂದ್ರಿಸಬೇಕು’ ಅಂತಾರೆ. ಟೇಪ್ ಅನ್ನೋದನ್ನೂ ಗಮನಿಸಿ: ಕ್ಯಾಸೆಟ್ಟು ಹೋಗಿ ಎಷ್ಟು ಕಾಲ ಆಯ್ತು, ಬ್ಲೂಟೂತ್ ಸೆಟ್ಟೂ ಟೇಪೇ, 9 ಇಂಚಿನ ಟಚ್ ಸ್ಕ್ರೀನೂ ಟೇಪೇ.

ಕನ್ಸೋಲಿಗೆ ಒಂದು ಪದ ಸಾಲದು, ಎರಡು ಬೇಕು. ಮುಂದೆ ಕಾಣೋ ತೂತು ಬೇರೆ, ಅದರ ಹಿಂದಿನ ಆಳ ಬೇರೆ. ತೂತಿನ ಅಳತೆ 182 × 53 ಮಿ.ಮೀ., ಸಿಂಗಲ್ ಡಿನ್ ಅನ್ನೋ ಚಿಕ್ಕ ಅಳತೆಯ ಸೆಟ್ಟು ಯಾವ ಕಂಪನಿಯದಾದರೂ ಅದರೊಳಗೆ ನುಗ್ಗುತ್ತೆ. ಕೆಲಸ ಕೆಡೋದು ಆಳದಲ್ಲಿ. ಸಿ.ಡಿ. ನುಂಗೋ ಸೆಟ್ಟಿನ ಒಡಲು ಸುಮಾರು 160 ಮಿ.ಮೀ. ಅದರ ಬೆನ್ನಿಗೆ ಕಪ್ಲರು (ವೈರುಗಳನ್ನೆಲ್ಲ ಒಟ್ಟಿಗೆ ಸಿಕ್ಕಿಸೋ ಪ್ಲಗ್ಗು), ಆಂಟೆನಾ ಪಿನ್ನು, ಬಾಗಿಕೊಳ್ಳೋ ವೈರು, ಇವಕ್ಕೆ ಇನ್ನೂ 40 ಮಿ.ಮೀ. ಆದರೂ ಬೇಕು. ಹಳೇ ಗಾಡಿಯಲ್ಲಿ ಅಲ್ಲೇ ಹೀಟರ್ ಪೆಟ್ಟಿಗೆ ಇಲ್ಲಾ ವೈಪರ್ ಲಿಂಕು ಅಡ್ಡ ಇರುತ್ತೆ. ಮೂತಿ ಒಂದು ಬೆರಳು ಹೊರಗೇ ನಿಂತುಬಿಡುತ್ತೆ. ಆಮೇಲೆ ಗುದ್ದಿ ಗುದ್ದಿ ಒಳಗೆ ತಳ್ಳೋದು, ಹಿಂದೆ ವೈರು ಜಜ್ಜಿ ಶಾರ್ಟ್ ಆಗೋದು. ಸಿ.ಡಿ. ಇಲ್ಲದ ಗಿಡ್ಡ ಒಡಲಿನ ಸೆಟ್ಟು ತಗೊಂಡರೆ ಈ ತಾಪತ್ರಯ ಇಲ್ಲ. ಹಾಳೆಯಲ್ಲಿ ಮೊದಲು ಬರೀಬೇಕಾದ್ದು ‘ಆಳ ಅಳೆಯಿರಿ’ ಅಂತ.

ಚಿತ್ರದುರ್ಗ:
ಹರಿಹರದವರು ಹೇಳಿದ್ದಕ್ಕೆ ಪದ ಊರಲ್ಲೇ ಇದೆ. ಮುಂದಿನ ತೂತು ಕಿಂಡಿ, ಹಿಂದಿನ ಜಾಗ ಗೂಡು. ಕೋಟೆಯಲ್ಲಿ ಓಬವ್ವನ ಕಿಂಡಿಗೆ ಯಾರೂ ಗೂಡು ಅನ್ನುವುದಿಲ್ಲ. ಕಿಂಡಿಗೆ ಆಚೆ ಈಚೆ ಇರುತ್ತದೆ, ತೂರಿ ಹೋಗಬಹುದು. ಗೂಡಿಗೆ ಬೆನ್ನಿರುತ್ತದೆ, ಅಲ್ಲಿ ಇಟ್ಟದ್ದು ನಿಲ್ಲುತ್ತದೆ. ಗೋಡೆಯ ದೀಪದ ಗೂಡು ನೋಡಿ. ಹಾಳೆಯಲ್ಲಿ ಹೀಗೆ ಬರೆಯಿರಿ: ‘ಕಿಂಡಿ 182 × 53 ಮಿ.ಮೀ. ಇದೆಯೇ, ಗೂಡಿನ ಆಳ 200 ಮಿ.ಮೀ. ಇದೆಯೇ ನೋಡಿಕೊಳ್ಳಿ.’ ಓದಿದವನಿಗೆ ಟೇಪು ಎಲ್ಲಿ ಹಿಡಿಯಬೇಕು ಎಂದು ಕೇಳುವ ಪ್ರಮೇಯ ಬರುವುದಿಲ್ಲ. (ಅಳೆಯುವ ಟೇಪು. ನಿಮ್ಮ ಹಾಡುವ ಟೇಪಲ್ಲ.)

ದಾವಣಗೆರೆ:
ಕಿಂಡಿ, ಗೂಡು ಎರಡನ್ನೂ ತಗೊಂಡೆ. ಡಬಲ್ ಡಿನ್? ಡಿನ್ ಅಂದರೆ ಗದ್ದಲ ಅಂತ ತಿಳಿದು ಯಾರೋ ‘ಇಮ್ಮಡಿ ಸದ್ದು’ ಅಂತ ಅನುವಾದಿಸಿಟ್ಟಿದ್ದಾರೆ ಹಳೇ ಹಾಳೆಯಲ್ಲಿ.

ಹರಿಹರ:
ಗದ್ದಲ ಅಲ್ಲ ಮಾರಾಯ್ರೆ. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳು, ಡಿ ಐ ಎನ್. ಆ ಅಳತೆಯೇ ಮುಂದೆ ಅಂತರರಾಷ್ಟ್ರೀಯ ಮಾನಕ ಐಎಸ್ಒ 7736 ಆಯ್ತು. ಸೆಟ್ಟಿನ ಮುಖ 180 × 50 ಇದ್ದರೆ ಸಿಂಗಲ್ಲು, 180 × 100 ಇದ್ದರೆ ಡಬಲ್ಲು. ಡಿನ್ ಹಾಗೇ ಇರಲಿ, ‘ಇಮ್ಮಡಿ ಡಿನ್’ ಅನ್ನಿ.

ಒಂದು ಎಚ್ಚರಿಕೆ ಹಾಳೆಗೆ ಸೇರಿಸಿ. ಸಿಂಗಲ್ ಕಿಂಡಿಯ ಕೆಳಗೆ ಖಾಲಿ ಡಬ್ಬಿ ಕಾಣಿಸಿತು ಅಂತ ನಡುವಿನ ಪಟ್ಟಿ ಗರಗಸ ಹಾಕಿ ಕೊಯ್ಯಬಾರದು. ಕೆಲವು ಗಾಡಿಯಲ್ಲಿ ಅದು ಬರೀ ಪ್ಲಾಸ್ಟಿಕ್ಕು, ಕೆಲವದರಲ್ಲಿ ಡ್ಯಾಶ್‌ಬೋರ್ಡನ್ನೇ ಹಿಡಿದಿರೋ ಕಬ್ಬಿಣದ ಪಟ್ಟಿ. ಕೊಯ್ದ ಮೇಲೆ ಹಳ್ಳ ದಿಣ್ಣೆ ಬಂದಾಗಲೆಲ್ಲ ಇಡೀ ಡ್ಯಾಶ್‌ಬೋರ್ಡು ಗಡಗಡ ಅನ್ನುತ್ತೆ. ದೊಡ್ಡ ಪರದೆ ಬೇಕೇ ಬೇಕು ಅಂದರೆ ಸಿಂಗಲ್ ಒಡಲಿಗೆ ಮುಂದೆ ಪರದೆ ಚಾಚಿರೋ ಸೆಟ್ಟು ಸಿಗುತ್ತೆ. ಅದು ಎ.ಸಿ. ಬಾಯಿಗೂ ಹಜಾರ್ಡ್ ಸ್ವಿಚ್ಚಿಗೂ ಅಡ್ಡ ಬರುತ್ತಾ ಅಂತ ರಟ್ಟು ಕತ್ತರಿಸಿ ಹಿಡಿದು ನೋಡಿ ಆಮೇಲೆ ದುಡ್ಡು ಕೊಡಬೇಕು.

ಹೊಳಲ್ಕೆರೆ:
ತಗಡಿನ ಪೆಟ್ಟಿಗೆಗೆ ‘ಒರೆ’ ಎನ್ನಿ. ಕತ್ತಿ ಒರೆಗೆ ಸೇರಿದಂತೆ ಸೆಟ್ಟು ಅದರೊಳಗೆ ಜಾರಿ ಕಟಕ್ಕೆಂದು ಕಚ್ಚಿಕೊಳ್ಳುತ್ತದೆ, ಹೊರಗೆಳೆಯಬೇಕಾದರೆ ಎರಡು ಪಕ್ಕದಲ್ಲೂ ಕೀಲಿಪಟ್ಟಿ ತೂರಿಸಬೇಕು. ಇದನ್ನು ಒರೆಗಲ್ಲಿನ ಒರೆಯೊಂದಿಗೆ ಕಲಸಬೇಡಿ. ಕತ್ತಿಯ ಒರೆ ಹಳಗನ್ನಡದಲ್ಲಿ ಒಱೆ, ತಮಿಳಿನ ಉಱೈ. ಉಜ್ಜುವ ಒರೆಗೆ ಸಾಮಾನ್ಯ ರೇಫ, ಅಂದರೆ ರ. ಱ ಎಂಬ ಹಳೆಯ ಅಕ್ಷರವನ್ನು ಕೈಬಿಟ್ಟದ್ದರಿಂದ ಎರಡು ಪದ ಒಂದಾಗಿ ಕಾಣುತ್ತಿವೆ. ಲಿಪಿಯನ್ನು ಸರಳ ಮಾಡುತ್ತೇವೆ ಎಂದು ಹೊರಟವರು ಇದನ್ನು ನೆನಪಿಡಬೇಕು.

ಪ್ಲಾಸ್ಟಿಕ್ಕಿಗೆ ‘ಚೌಕಟ್ಟು’. ಅಲ್ಲಿಗೆ ಮುಗಿಯಿತು.

ಚಳ್ಳಕೆರೆ:
ಒರೆ ಚೆನ್ನಾಗಿದೆ. ಆದರೆ ಚವ್ಕಟ್ಟು ಯಾಕೆ? ಚವ್ಕ ಸಂಸ್ಕ್ರುತದ ಚತುಶ್ಕದಿಂದ ಇಳಿದು ಬಂದದ್ದು, ಕನ್ನಡದ್ದು ಬರೀ ‘ಕಟ್ಟು’. ‘ಅಂಚುಕಟ್ಟು’ ಅನ್ನಿ. ಡ್ಯಾಶ್‌ಬೋರ್ಡಿಗೆ ‘ಮುಂಬಲಗೆ’ ಇದೆ, ಮುಂದಿನ ಹಲಗೆ. ಮಂದಿ ಆಡುವ ಹಾಗೆ ಬರೆದರೆ ಸಾಕು, ಮಹಾಪ್ರಾಣ ಯಾರ ಬಾಯಲ್ಲೂ ಇಲ್ಲ. ‘ಪ್ರೇಮು’, ‘ಪಿಟ್ಟಿಂಗು’, ‘ಪ್ಯೂಸು’ ಅಂತಲೇ ಬೋರ್ಡಿನ ಮೇಲೆ ಬರೆಯಿರಿ. ಗ್ಯಾರೇಜಿನ ಹುಡುಗರು ಹಾಗೇ ಅನ್ನೋದು.

ಚಿತ್ರದುರ್ಗ:
‘ಇಲ್ಲಿ ಎಲ್ಲಾ ಕಾರುಗಳಿಗೂ ಪ್ರೇಮು ಸಿಗುತ್ತದೆ.’ ಬರೆಸಿ, ವ್ಯಾಪಾರ ಹೆಚ್ಚಬಹುದು.

ಹೊಳಲ್ಕೆರೆ:
ಹಲಗೆ ಫಲಕದ ತದ್ಭವ, ಶಾಲೆಯ ಪಟ್ಟಿಯಲ್ಲೇ ಇದೆ. ಚೌಕ ಮೈಲಿಗೆ, ಹಲಗೆ ಮಡಿ: ಇದು ಯಾವ ನ್ಯಾಯ? ಬಂದ ಪದ ಬೇಡ ಎನ್ನುವವರು ಮೊದಲು ಯಾವುದು ಬಂದದ್ದು ಎಂದು ಕಲಿಯಲಿ.

ಚಳ್ಳಕೆರೆ:
ಹಲಗೆ ಪಳಗಿದ ಪದ, ಕನ್ನಡದ ಉಲಿಗೆ ಒಗ್ಗಿದೆ. ತಕರಾರು ಇರುವುದು ಒಗ್ಗದೇ ಇರುವ ಪದಗಳ ಬಗ್ಗೆ.

ಹೊಳಲ್ಕೆರೆ:
ಚೌಕಬಾರ ಆಡುವ ಮಕ್ಕಳನ್ನು ಕೇಳಿ, ಚೌಕ ಒಗ್ಗಿದೆಯೋ ಇಲ್ಲವೋ ಅವರೇ ಹೇಳುತ್ತಾರೆ. ನಾನು ಇನ್ನು ಉತ್ತರಿಸುವುದಿಲ್ಲ.

ಹರಿಹರ:
ಆರು ಗಂಟೆಗೆ ಮ್ಯಾಟರು ಕೊಡಬೇಕಂತೆ, ನೀವು ಚೌಕಬಾರ ಆಡ್ತಾ ಕೂತಿದ್ದೀರಿ. ಪದಕ್ಕಿಂತ ದೊಡ್ಡ ಕಂಟಕ ವಾಕ್ಯದಲ್ಲಿ ಇರುತ್ತೆ. ಆ ಹಳೇ ಹಾಳೆಯಲ್ಲಿ ಕಪ್ಪು ವೈರಿಗೆ ಏನಂತ ಬರೆದಿದ್ದಾರೆ ನೋಡಿ ಹೇಳಿ.

ದಾವಣಗೆರೆ:
‘ಕಪ್ಪು ವೈರನ್ನು ಬಾಡಿಗೆ ಕೊಡಿ.’

ಹರಿಹರ:
ಅಂದುಕೊಂಡಿದ್ದೆ! ತಿಂಗಳಿಗೆ ಎಷ್ಟಂತೆ ಬಾಡಿಗೆ? ‘ಕಪ್ಪು ವೈರನ್ನು ಗಾಡಿಯ ಕಬ್ಬಿಣಕ್ಕೆ, ಬಣ್ಣ ಕೆರೆದ ಜಾಗದಲ್ಲಿ, ಬೋಲ್ಟಿನಿಂದ ಬಿಗಿಯಿರಿ’ ಅಂತ ಬರೀರಿ. ಬಣ್ಣದ ಮೇಲೇ ಬಿಗಿದರೆ ಅರ್ತ್ ಸರಿಯಾಗಿ ಸಿಗದೆ ಎಂಜಿನ್ ಏರಿದ ಹಾಗೆ ಸ್ಪೀಕರಿನಲ್ಲಿ ಕುಂಯ್ ಅನ್ನೋ ಸದ್ದೂ ಏರುತ್ತೆ. ಮೋರಿಸ್ ಮೈನರ್ ತರಹದ ಹಳೇ ಬ್ರಿಟಿಷ್ ಗಾಡಿಯಾದರೆ ಬ್ಯಾಟರಿಯ ಪ್ಲಸ್ಸೇ ಕಬ್ಬಿಣಕ್ಕೆ ಸೇರಿರಬಹುದು. ಅದಕ್ಕೆ ಈಗಿನ ಸೆಟ್ಟು ಹಾಗೇ ಕೊಟ್ಟರೆ ಸುಟ್ಟೇ ಹೋಗುತ್ತೆ, ಮೊದಲು ಬ್ಯಾಟರಿ ತಂತಿ ನೋಡಬೇಕು.

ಹಳದಿ ವೈರು ಸದಾ 12 ವೋಲ್ಟು ಇರೋ ಕಡೆಗೆ, ಕೆಂಪು ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರೋ ಕಡೆಗೆ. ಇವೆರಡೂ ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಗಡಿಯಾರವೂ ಸ್ಟೇಷನ್ನೂ ಅಳಿಸಿಹೋಗುತ್ತೆ. ಅದನ್ನು ತಪ್ಪಿಸೋಕೆ ಅಂತ ಎರಡನ್ನೂ ಸೇರಿಸಿ ಸದಾ ಕರೆಂಟಿಗೆ ಕಟ್ಟಿದರೆ ಸೆಟ್ಟು ತಾನಾಗಿ ಆರಲ್ಲ, ಬ್ಯಾಟರಿ ಇಳಿಯುತ್ತೆ. ಯುರೋಪಿನ ಕೆಲವು ಗಾಡಿಯ ಕಪ್ಲರಿನಲ್ಲಿ ಈ ಎರಡು ಕರೆಂಟು ಬರೋ 4 ಮತ್ತು 7ನೇ ಪಿನ್ನು ತಿರುಗಾಮುರುಗಾ ಇರುತ್ತೆ, ಆದ್ದರಿಂದ ವೈರಿನ ಬಣ್ಣ ನಂಬದೆ ಮೀಟರ್ ಹಿಡಿದೇ ನೋಡಬೇಕು. ಕಿತ್ತಳೆ ವೈರು ದೀಪದ ಲೈನಿಗೆ. ನೀಲಿ ವೈರು ಕರೆಂಟಿನಿಂದ ಏಳೋ ಆಂಟೆನಾಗೆ. ಅಂಥ ಆಂಟೆನಾ ಇಲ್ಲದಿದ್ದರೆ ನೀಲಿಯ ತುದಿಗೆ ಟೇಪು ಸುತ್ತಿ ಬಿಡಿ (ಇದು ಮೂರನೇ ಟೇಪು).

ಸ್ಪೀಕರು: ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರೋದು ಮೈನಸ್ಸು. ಹಳೇ ಗಾಡಿಯ ದೊಡ್ಡ ಅಪಾಯ ಇಲ್ಲೇ. ಆಗಿನ ರೇಡಿಯೋಗೆ ಸ್ಪೀಕರಿನ ಮೈನಸ್ಸನ್ನು ಕಬ್ಬಿಣಕ್ಕೇ ಮುಟ್ಟಿಸಿ ಒಂದೇ ವೈರಿನಲ್ಲಿ ಮುಗಿಸಿರ್ತಾರೆ. ಈಗಿನ ಸೆಟ್ಟಿನಲ್ಲಿ ಸ್ಪೀಕರಿನ ಎರಡು ತುದಿಯಲ್ಲೂ ಕರೆಂಟು ಇರುತ್ತೆ, ಯಾವುದೂ ಕಬ್ಬಿಣಕ್ಕೆ ತಾಗಬಾರದು. ತಾಗಿದರೆ ಸೆಟ್ಟು ತಾನೇ ಬಾಯಿ ಮುಚ್ಚಿಕೊಳ್ಳುತ್ತೆ, ಇಲ್ಲಾ ಒಳಗಿನ ಐ.ಸಿ. ಚಿಪ್ಪು ಹೋಗುತ್ತೆ. ಪ್ರತಿ ಸ್ಪೀಕರಿಗೂ ಹೊಸದಾಗಿ ಎರಡೆರಡು ವೈರು ಎಳೀಬೇಕು.

ಚಳ್ಳಕೆರೆ:
ಕಪ್ಲರಿಗೆ ‘ಕೊಂಡಿ’ ಅನ್ನಬಹುದಲ್ಲ?

ಹರಿಹರ:
ಅಂಗಡಿಗೆ ಹೋಗಿ ಕೊಂಡಿ ಕೊಡಿ ಅಂದರೆ ಬಾಗಿಲಿನ ಕೊಂಡಿ ಕೊಡ್ತಾರೆ. ಕಪ್ಲರ್ ಕಪ್ಲರೇ.

ಹೊಳಲ್ಕೆರೆ:
ಉತ್ತರಿಸುವುದಿಲ್ಲ ಎಂದಿದ್ದೆ, ಆದರೆ ಇದಕ್ಕೆ ನನ್ನ ಸಹಮತ ಇದೆ. ಕೊಳ್ಳುವಾಗ ಕೇಳಬೇಕಾದ ವಸ್ತುವಿಗೆ ಅಂಗಡಿಯ ಹೆಸರೇ ಇರಬೇಕು. ಕೂರಿಸುವ ಕೆಲಸ, ಜಾಗ, ಅಳತೆ ಇವಕ್ಕೆ ಕನ್ನಡ ತನ್ನಷ್ಟಕ್ಕೆ ಸಾಲುತ್ತದೆ.

ದಾವಣಗೆರೆ:
ಬೋರ್ಡು ಹೀಗೆ ಹೋಗಿದೆ: ‘ಹಳೆಯ ಕಾರುಗಳಿಗೆ ಹೊಸ ಸ್ಟೀರಿಯೋ ಅಳವಡಿಸಿ ಕೊಡಲಾಗುವುದು. ಚೌಕಟ್ಟು, ಒರೆ, ಕಪ್ಲರ್ ದೊರೆಯುತ್ತವೆ.’ ಚಳ್ಳಕೆರೆಯವರು ಕ್ಷಮಿಸಬೇಕು.

ಹಾಳೆಯ ಮೊದಲ ಭಾಗ, ಸಂಜೆಯೊಳಗೆ ತಿದ್ದಿ: ‘ಬ್ಯಾಟರಿಯ ಮೈನಸ್ ತಂತಿಯನ್ನು 10ನೇ ನಂಬರಿನ ಸ್ಪ್ಯಾನರಿನಿಂದ ಬಿಚ್ಚಿ. ಕಿಂಡಿಯ ಅಗಲ, ಎತ್ತರ, ಗೂಡಿನ ಆಳ ಅಳೆಯಿರಿ. ಚೌಕಟ್ಟನ್ನು ಕಿಂಡಿಗೆ ಕೂರಿಸಿ. ಒರೆಯನ್ನು ಅದರೊಳಗೆ ತಳ್ಳಿ, ಸುತ್ತಲಿನ ನಾಲಿಗೆಗಳನ್ನು ಸ್ಕ್ರೂಡ್ರೈವರಿನಿಂದ ಹೊರಕ್ಕೆ ಮಡಚಿ. ವೈರು ಸೇರಿಸಿ, ಬ್ಯಾಟರಿ ತಂತಿ ಮರಳಿ ಕೊಟ್ಟು ನಾಲ್ಕೂ ಸ್ಪೀಕರ್ ಹಾಡುತ್ತವೆಯೇ ನೋಡಿ, ಆಮೇಲೆ ಸೆಟ್ಟನ್ನು ಒರೆಗೆ ತಳ್ಳಿ. ಹಿಂದಿನ ಬೋಲ್ಟಿಗೆ ಪಟ್ಟಿ ಕೊಟ್ಟು ಬಿಗಿಯಿರಿ.’

ಹರಿಹರ:
‘ಮಡಚಿ’ ಬೇಡ, ‘ಬಗ್ಗಿಸಿ’. ಮಡಚಿದರೆ ನಾಲಿಗೆ ಮುರಿಯುತ್ತೆ. ಎಲ್ಲಾ ನಾಲಿಗೆಯೂ ಬೇಕಿಲ್ಲ, ಚೌಕಟ್ಟಿನ ಬೆನ್ನಿಗೆ ತಾಗುವ ನಾಲ್ಕೈದು ಸಾಕು.