ಜಪಾನಿನ ಹಳೇ ಹಳ್ಳಿಮನಿಯೊಳಗ ಒಂದು ರಾತ್ರಿ: ಬುಕ್ ಮಾಡೂ ಮೊದಲು ಏನೇನು ಕೇಳಬೇಕು?

ಪ್ರಶ್ನೆ (ಹುಬ್ಬಳ್ಳಿ)
ನಮಸ್ಕಾರ್ರಿ. ನವೆಂಬರ್ ಕೊನೀ ವಾರ ಅಪ್ಪ-ಅವ್ವನ್ನ ಕರ್ಕೊಂಡು ಜಪಾನಕ್ಕ ಹೊಂಟೇವಿ. ಶಿರಾಕಾವಾ-ಗೋದಾಗ ರಿಪೇರಿ ಮಾಡಿದ ಹುಲ್ಲಿನ ಚಾವಣಿ ಮನಿಯೊಳಗ ಒಂದು ರಾತ್ರಿ, ಊಟ-ನಾಷ್ಟಾ ಸಮೇತ ಇರೂ ವಿಚಾರ ಐತಿ. ನಾವು ಪಕ್ಕಾ ಶಾಖಾಹಾರಿ, ತತ್ತಿನೂ ತಿನ್ನಂಗಿಲ್ಲ. ಅಪ್ಪಗ ಮೊಣಕಾಲು ನೋವು. ದೊಡ್ಡ ಸೂಟ್‌ಕೇಸ್ ಎರಡು ಅದಾವು.

ಉತ್ತರ 1 (ಧಾರವಾಡ)
ಊಟದ ಮಾತು ಮೊದಲು ಮುಗಿಸ್ರಿ, ಎಡವಟ್ಟಾಗೂದು ಅಲ್ಲೇ. ಬರೇ 'ವೆಜಿಟೇರಿಯನ್' ಅಂತ ಬರದ್ರ ಸಾಲೂದಿಲ್ಲ. ತಾಟಿನ್ಯಾಗ ಮೀನು ಕಾಣೂದಿಲ್ಲ ಖರೆ, ಆದ್ರ ಮಿಸೋ (ಹುದುಗಿಸಿದ ಸೋಯಾ) ಸಾರು, ಬೇಯಿಸಿದ ಕಾಯಿಪಲ್ಯಾ, ಸೋಬಾ ನೂಡಲ್ಸ್ ಅದ್ದಿಕೊಳ್ಳೂ ರಸ, ಎಲ್ಲಾದಕ್ಕೂ ಬುಡದಾಗ 'ದಾಶಿ' ಇರ್ತದ. ಹೋಳಿಗಿ ದಿನ ನಮ್ಮ ಸಾರಿಗೆ ಬ್ಯಾಳಿ ಕಟ್ಟು ಹೆಂಗೋ ಹಂಗ. ಆ ಕಟ್ಟನ್ನ ಬಹಳ ಕಡೆ ಒಣಮೀನಿನಿಂದನ ತಗೀತಾರ. ಅದಕ್ಕ ಬುಕ್ ಮಾಡೂವಾಗನ ಜಪಾನಿ ಭಾಷಾದಾಗ ಹಿಂಗ ಬರೀರಿ: 'ಮಾಂಸ, ಮೀನು, ತತ್ತಿ ಬ್ಯಾಡ. ಕತ್ಸುಓಬುಶಿ, ನಿಬೋಶಿ ಹಾಕಿದ ದಾಶಿನೂ ಬ್ಯಾಡ. ಕೊಂಬು, ಶಿಟಾಕೆ ದಾಶಿ ನಡೀತದ.' ಕತ್ಸುಓಬುಶಿ, ನಿಬೋಶಿ ಎರಡೂ ಒಣಮೀನು. ಕೊಂಬು ಅಂದ್ರ ಸಮುದ್ರದ ಪಾಚಿ, ಶಿಟಾಕೆ ಅಂದ್ರ ಅಣಬಿ. ಬಾಗಿಲಿಗೆ ಹೋಗಿ ಹೇಳಿದ್ರ ಕಟ್ಟು ಆಗಲೇ ಕುದ್ದಿರ್ತದ, ಪಾಪ ಅವರೂ ಏನೂ ಮಾಡಲಿಕ್ಕಾಗೂದಿಲ್ಲ. 'ಆಗೂದಿಲ್ಲ' ಅಂದ್ರ ಬ್ಯಾರೆ ಮನಿ ನೋಡ್ರಿ. ಸಂಜಿ ಮುಂದ ಆ ಊರಾಗ ಹೋಟೆಲ್ ತೆರದಿರೂದು ಕಷ್ಟ. ಕಟಕ ರೊಟ್ಟಿ, ಶೇಂಗಾ ಹಿಂಡಿ ಚೀಲದಾಗ ಇರಲಿ.

ಉತ್ತರ 2 (ಗದಗ)
ಅಪ್ಪಾರಿಗೆ ನೆಲಮಹಡಿ ಖೋಲಿನ ಕೇಳ್ರಿ, ಹಳೇ ಮನಿ ಮೆಟ್ಟಲಾ ಭಾಳ ಕಡಿದು. ಕುರ್ಚಿ ಕೇಳಿದ್ರ ಕೆಲವರು 'ಝೈಸು' ಕೊಡ್ತಾರ. ಅದಕ್ಕ ಬೆನ್ನಿಗಿ ಆಸರ ಐತಿ, ಕಾಲ ಇಲ್ಲ! 'ಇಸು' ಅಂತ ಕೇಳ್ರಿ, ಅದು ಕಾಲಿರೂ ಕುರ್ಚಿ. ಮಂಚ ಇಲ್ಲಂದ್ರ ಎರಡು ಹಾಸಿಗಿ ಒಂದರ ಮ್ಯಾಲೊಂದು ಹಾಕಸ್ರಿ, ಏಳಾಕ ಹಗುರ ಆಕ್ಕೈತಿ.

ಸೂಟ್‌ಕೇಸ್ ಅಲ್ಲಿಗೆ ಒಯ್ಯಬ್ಯಾಡ್ರಿ. ಅಲ್ಲಿ ನೆಲಕ್ಕ ತಾತಾಮಿ ಹಾಸಿರ್ತಾರ, ಅಂದ್ರ ಹುಲ್ಲಿನ ಚಾಪಿ, ಗಾಲಿ ಉರುಳಿದ್ರ ಎಳಿ ಹರೀತಾವು. ಹತ್ತಿರದ ಊರು ತಕಾಯಾಮಾದಾಗಿನ ಹೋಟೆಲಿನ ಕೌಂಟರಿನಿಂದ 'ತಕ್ಯುಬಿನ್' (ಸಾಮಾನು ಮುಟ್ಟಸೂ ಕೊರಿಯರ್) ಮಾಡಿ ಮುಂದಿನ ಊರಿನ ಹೋಟೆಲಿಗೆ ಕಳಸ್ರಿ, ಒಂದು ರಾತ್ರಿಗೆ ಬೇಕಾದಷ್ಟ ಅರಿವಿ, ಗುಳಿಗಿ ಕೈಚೀಲದಾಗ ಇಟ್ಕೋರಿ. ತಕಾಯಾಮಾದಿಂದ ಬಸ್ ಸುಮಾರು 50 ನಿಮಿಷ. ಊಟದ ಹೊತ್ತಿಗಿಂತ ಮೊದಲ ಮುಟ್ಟೂ ಬಸ್ಸಿಗೇ ಸೀಟ್ ಹಿಡೀರಿ.

ಉತ್ತರ 3 (ಹಾವೇರಿ)
ಚಳಿ ಬಗ್ಗೆ ಯಾರೂ ಹೇಳಲಿಲ್ಲ. ನವೆಂಬರ್ ಕೊನೀಗೆ ರಾತ್ರಿ ಸೊನ್ನೆ ಡಿಗ್ರಿ ಸಮೀಪ ಇಳಿತೈತಿ, ಕಟ್ಟಿಗಿ ಸಂದಿನ್ಯಾಗ ಗಾಳಿ ಬರತೈತಿ. ಖೋಲಿನ್ಯಾಗ ಸೀಮೆಎಣ್ಣಿ ಹೀಟರ್ ಇದ್ರ ನಡುನಡುವ ಬಾಗಿಲಾ ತಗದು ಗಾಳಿ ಆಡಸ್ರಿ, ಮಲಗೂ ಮುಂದ ತಪ್ಪದ ಆರಸ್ರಿ. ಮುಚ್ಚಿದ ಖೋಲಿನ್ಯಾಗ ಕಾರ್ಬನ್ ಮಾನಾಕ್ಸೈಡ್ ತುಂಬಿದ್ರ ಜೀವಕ್ಕ ಅಪಾಯ.

ಅವ್ವಾರಿಗೆ ಮೊದಲ ಹೇಳಿ ಇಡ್ರಿ: ಊದಿನಕಡ್ಡಿ, ದೀಪ ಹಚ್ಚೂದು ಬ್ಯಾಡ. 1995ರಾಗ ಯುನೆಸ್ಕೋ ಪಟ್ಟಿ ಸೇರಿದ ಊರು ಅದು, ಮ್ಯಾಲಿನ ದಪ್ಪ ಹುಲ್ಲಿನ ಹೊದಿಕಿಗೆ ಒಂದು ಕಿಡಿ ಸಾಕು.

ಇನ್ನ ಸ್ನಾನ. ತೊಟ್ಟಿ ಹೊರಗ ಸಣ್ಣ ಸ್ಟೂಲ್ ಮ್ಯಾಲೆ ಕುಂತು ಸಾಬೂನು ಹಚ್ಚಿ ಪೂರಾ ತೊಳಕೊಂಡ ಮ್ಯಾಲೇನ ತೊಟ್ಟಿಗೆ ಇಳೀಬೇಕು. ಎದ್ದು ಬರೂವಾಗ ಬುಚ್ಚು ಕೀಳಬ್ಯಾಡ್ರಿ, ಮನಿಮಂದಿಗೆಲ್ಲಾ ಅದ ನೀರು. ಮ್ಯಾಲೆ ಮುಚ್ಚಳಾ ಮುಚ್ಚಿ ಬರ್ರಿ, ಬಿಸಿ ಉಳಿತೈತಿ.