ಕ್ರಿಸ್‌ಮಸ್‌ಗೆ ಕ್ರೋಶೆ ಗಿಫ್ಟ್: 12 ಜನ, 7 ವಾರ, ಆಗುತ್ತಾ?

ನೂಲುಂಡೆ:

ಎಲ್ರಿಗೂ ನಮಸ್ಕಾರ. ಕ್ರೋಶೆ ಕಲ್ತು ಒಂದೂವರೆ ವರ್ಷ ಆಯ್ತು. ಈ ಸಲ ಕ್ರಿಸ್‌ಮಸ್‌ಗೆ ಅಂಗಡಿಯಿಂದ ಏನೂ ತರೋದು ಬೇಡ, ಎಲ್ಲಾ ಕೈಯಾರೆ ಹೆಣೆದೇ ಕೊಡ್ಬೇಕು ಅಂತ ಮನಸ್ಸು ಮಾಡಿದೀನಿ. ಲಿಸ್ಟ್ ಬರೀತಾ ಬರೀತಾ 12 ಜನ ಆದ್ರು, ಅತ್ತಿಗೆಗೆ ಒಂದು ಶಾಲು, ಅಣ್ಣಂಗೆ ಟೋಪಿ, ಅವ್ರ ಎರಡು ವರ್ಷದ ಮಗೂಗೆ ಒಂದು ಗೊಂಬೆ, ಅಮ್ಮಂಗೆ ಬಿಸಿ ಪಾತ್ರೆ ಇಳಿಸೋಕೆ ದಪ್ಪಗಿರೋ ಮಸಿಬಟ್ಟೆ ಥರದ್ದು, ಉಳಿದ ಎಂಟು ಜನ ಗೆಳತಿಯರು ಮತ್ತೆ ಜೊತೆಗೆ ಕೆಲಸ ಮಾಡೋರು, ಅವರಿಗೆ ಟ್ರೀಗೆ ತೂಗುಹಾಕೋ ಸ್ನೋಫ್ಲೇಕು, ನಕ್ಷತ್ರ, ಗಂಟೆ ಇಂಥವು.

ಇನ್ನು 7 ವಾರ ಇದೆ. ದಿನಾ ಸಂಜೆ ಒಂದು ಗಂಟೆ ಸಿಗುತ್ತೆ, ಭಾನುವಾರ ಮೂರು ಗಂಟೆ. ಇಷ್ಟರಲ್ಲಿ ಆಗುತ್ತಾ ಇಲ್ಲಾ ಯಾವುದನ್ನಾದ್ರೂ ಬಿಡ್ಬೇಕಾ ಅಂತ ಅನುಭವ ಇರೋರು ಹೇಳಿ.

ಇನ್ನೊಂದು ವಿಷಯ. ಮೂರು ಸ್ನೋಫ್ಲೇಕ್ ಮಾಡಿ ನೋಡಿದೆ, ಹೆಣಿಗೆ ಪರವಾಗಿಲ್ಲ, ಆದ್ರೆ ಕೈಯಲ್ಲಿ ಎತ್ತಿ ಹಿಡಿದ್ರೆ ಬಾಡಿದ ಹೂವಿನ ಥರ ಜೋತು ಬೀಳುತ್ತೆ, ತುದಿಗಳೆಲ್ಲ ಒಳಕ್ಕೆ ಸುರುಳಿ ಸುತ್ತುತ್ತೆ. ಮನೇಲಿದ್ದ 4 ಪ್ಲೈ ಅಕ್ರಿಲಿಕ್ ಉಲ್ಲನ್‌ನಲ್ಲಿ 4 ಎಂಎಂ ಕಡ್ಡಿ ಹಿಡಿದು ಮಾಡಿದ್ದು. ನೆಟ್ಟಗೆ ನಿಲ್ಲೋ ಹಾಗೆ ಮಾಡೋದು ಹೇಗೆ?

ಸಂಜೆಹೆಣಿಗೆ:

ಆಗುತ್ತೆ, ಆದ್ರೆ ಶಾಲು ಒಂದನ್ನ ಮತ್ತೆ ಯೋಚನೆ ಮಾಡಿ. ನಿಮ್ಮ ಲೆಕ್ಕದಲ್ಲೇ ವಾರಕ್ಕೆ 9 ಗಂಟೆ, 7 ವಾರಕ್ಕೆ 63. ಕೊನೇ ವಾರವನ್ನ ಲೆಕ್ಕಕ್ಕೆ ಹಿಡೀಬೇಡಿ, ಆ ವಾರ ಪ್ಯಾಕ್ ಮಾಡೋದು, ಮನೆ ಕೆಲಸ, ಬರೋರು ಹೋಗೋರು ಅಂತ ಕಡ್ಡಿ ಮುಟ್ಟೋಕೂ ಆಗಲ್ಲ. ಅಲ್ಲಿಗೆ 54 ಗಂಟೆ ಉಳೀತು.

ಈಗ ಶಾಲಿಗೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡ್ಬೇಡಿ, ಅಳೆದು ನೋಡಿ. ಯಾವ ದಾರ ಯಾವ ಕಡ್ಡಿಯೋ ಅದರಲ್ಲೇ ಪೂರ್ತಿ ಅಗಲಕ್ಕೆ ಚೈನ್ (ಸರಪಳಿ ಹೊಲಿಗೆ) ಹಾಕಿ, 10 ಸೆಂ.ಮೀ. ಉದ್ದ ಹೆಣೆದು ಎಷ್ಟು ನಿಮಿಷ ಆಯ್ತು ಬರ್ಕೊಳಿ. ನಾನು ಒಂದು ಅಗಲ ಕಮ್ಮಿ ಇರೋ ಮಫ್ಲರ್‌ಗೆ ಹೀಗೆ ಅಳೆದಾಗ 40 ನಿಮಿಷ ಬಂತು. 150 ಸೆಂ.ಮೀ. ಉದ್ದ ಬೇಕಂದ್ರೆ ಅದರ 15 ಪಟ್ಟು, ಅಂದ್ರೆ 10 ಗಂಟೆ. ಶಾಲು ಅದರ ಮೂರರಷ್ಟು ಅಗಲ ಇದ್ರೆ ನಿಮ್ಮ 54ರಲ್ಲಿ 30 ಗಂಟೆ ಅದೊಂದಕ್ಕೇ ಹೋಯ್ತು. ಅತ್ತಿಗೆಗೆ ಮಫ್ಲರೋ ಇಲ್ಲಾ ಕುತ್ತಿಗೆಗೆ ಹಾಕೋ ದುಂಡನೆ ಕೌಲೋ ಮಾಡಿ, ಚೆನ್ನಾಗಿರೋ ಮೆತ್ತನೆ ದಾರ ತನ್ನಿ, ಅವ್ರು ದಿನಾ ಹಾಕ್ಕೊಳ್ತಾರೆ.

ಲಿಸ್ಟ್‌ನಲ್ಲಿ ಯಾರೂ ಬರೆಯದೇ ಇರೋ ಇನ್ನೊಂದು ಕೆಲಸ ಇದೆ, ಉಳಿದ ದಾರದ ತುದಿಗಳನ್ನ ಹೆಣಿಗೆಯೊಳಗೆ ಸೇರಿಸಿ ಮುಚ್ಚೋದು. ಎರಡು ಬಣ್ಣದ ಒಂದು ಚಿಕ್ಕ ನಕ್ಷತ್ರಕ್ಕೆ ನಾಲ್ಕು ತುದಿ, ಎಂಟು ನಕ್ಷತ್ರಕ್ಕೆ 32. ಎಲ್ಲಾ ಕೊನೆಗೆ ಒಟ್ಟಿಗೆ ಮಾಡೋಣ ಅಂತ ಇಟ್ಕೊಂಡ್ರೆ ಒಂದಿಡೀ ಭಾನುವಾರ ಬೇಕು, ಆಮೇಲೆ ಬೇಜಾರಾಗಿ ಅರ್ಜೆಂಟಲ್ಲಿ ಕತ್ತರಿಸಿಬಿಡ್ತೀವಿ. ಒಂದೊಂದು ಮುಗಿದ ಹಾಗೇ ಸೇರಿಸಿಬಿಡಿ. ದಾರದ ಬಾಲ ಕನಿಷ್ಠ 15 ಸೆಂ.ಮೀ. ಬಿಡಿ, ಸೂಜೀಲಿ ಒಂದು ಕಡೆ ಹೋಗಿ, ವಾಪಸ್ ಬಂದು, ಮತ್ತೆ ಮೊದಲಿನ ದಿಕ್ಕಿಗೇ ಹೋಗಿ ಆಮೇಲೆ ಕತ್ತರಿಸಿ. ಅದರಲ್ಲೂ ಹೆಣಿಗೆ ಶುರುಮಾಡೋ, ಎಳೆದು ಬಿಗಿಮಾಡೋ ದಾರದ ಉಂಗುರ, ಅಂದ್ರೆ ಮ್ಯಾಜಿಕ್ ರಿಂಗ್‌ನ ಬಾಲ ಚಿಕ್ಕದಾಗಿ ಕತ್ತರಿಸಿದ್ರೆ ನಡುವಿನ ಉಂಗುರವೇ ಬಿಚ್ಕೊಳ್ಳುತ್ತೆ, ಕೊಟ್ಟವರ ಮನೇಲಿ ಬಿಚ್ಕೊಂಡ್ರೆ ನಿಮಗೆ ಗೊತ್ತೂ ಆಗಲ್ಲ.

ಬಿಳಿದಾರ:

ಸ್ನೋಫ್ಲೇಕ್ ಬಗ್ಗೆ ನಾನು ಹೇಳ್ತೀನಿ, ನನಗೆ ತುಂಬಾ ಇಷ್ಟವಾದ ಕೆಲಸ ಅದು, ಅದಕ್ಕೇ ಸ್ವಲ್ಪ ಉದ್ದ ಆಗುತ್ತೆ.

ಮೊದಲು ದಾರ ಬದಲಾಯಿಸಿ. ಅಕ್ರಿಲಿಕ್ ನೀರಿಗೆ ಮಣಿಯಲ್ಲ, ಒದ್ದೆ ಮಾಡಿ ಪಿನ್ ಹೊಡೆದಿಟ್ರೂ ಒಣಗಿದ ಮೇಲೆ ಮೊದಲಿನ ಆಕಾರಕ್ಕೇ ವಾಪಸ್ ಹೋಗೋಕೆ ನೋಡುತ್ತೆ. ಕಾಟನ್ ಕ್ರೋಶೆ ದಾರ 10ನೇ ನಂಬರಿಂದು ತಗೊಳಿ, ಕಡ್ಡಿ 1.5 ಎಂಎಂ ಸುತ್ತಮುತ್ತ ಇರೋ ಸ್ಟೀಲಿಂದು. ಮೊದಲ ಎರಡು ಹೂವು ಕಣ್ಣಿಗೆ ಕಷ್ಟ ಅನಿಸುತ್ತೆ, ಮೂರನೇದರಿಂದ ಕೈ ಕೂರುತ್ತೆ.

ಸುಲಭದ್ದೊಂದು ಹೇಳ್ತೀನಿ. ಮ್ಯಾಜಿಕ್ ರಿಂಗ್‌ನಲ್ಲಿ 12 ಸಿಂಗಲ್ ಕ್ರೋಶೆ ಅಂದ್ರೆ ಗಿಡ್ಡ ಹೊಲಿಗೆ ಹಾಕಿ, ಜೋಡಿಸೋ ಹೊಲಿಗೆಯಾದ ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ. ಎರಡನೇ ಸುತ್ತಲ್ಲಿ ಒಂದು ಸಿಂಗಲ್, 5 ಚೈನು, ಒಂದು ಹೊಲಿಗೆ ಬಿಟ್ಟು ಮುಂದಿನದಕ್ಕೆ ಮತ್ತೆ ಒಂದು ಸಿಂಗಲ್, ಹೀಗೆ ಸುತ್ತಿ ಬಂದ್ರೆ ಆರು ಕಮಾನು ಆಗುತ್ತೆ. ಮೂರನೇ ಸುತ್ತಲ್ಲಿ ಪ್ರತೀ ಕಮಾನಿನೊಳಗೆ 3 ಸಿಂಗಲ್, 5 ಚೈನು ಹಾಕಿ ಅದೇ ಬುಡಕ್ಕೆ ಸ್ಲಿಪ್ ಸ್ಟಿಚ್, ಮತ್ತೆ 3 ಸಿಂಗಲ್. ಅಷ್ಟೇ, ಆರು ತುದಿ ಬಂತು. ಆರೇ ಇರ್ಬೇಕು, ಯಾಕಂದ್ರೆ ನಿಜವಾದ ಹಿಮದ ಹರಳಲ್ಲೂ ಆರೇ ಕೈ, ಮಂಜುಗಡ್ಡೇಲಿ ನೀರಿನ ಅಣುಗಳು ಆರು ಮೂಲೆ ಜೋಡಣೇಲಿ ಕೂರೋದ್ರಿಂದ ಹಾಗಾಗುತ್ತೆ. ಅಮೆರಿಕದ ವಿಲ್ಸನ್ ಬೆಂಟ್ಲಿ ಅನ್ನೋರು 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೋ ತೆಗೆದ್ರು, ಆಮೇಲೆ ಜೀವನ ಪೂರ್ತಿ ಅದನ್ನೇ ಮಾಡ್ತಾ 5000ಕ್ಕೂ ಹೆಚ್ಚು ಫೋಟೋ ತೆಗೆದ್ರು. ನನಗೆ ಹೊಸ ಡಿಸೈನ್ ಬೇಕಂದ್ರೆ ಆ ಫೋಟೋಗಳನ್ನ ನೋಡ್ಕೊಂಡು ಕೂರ್ತೀನಿ, ಯಾವ ಪ್ಯಾಟರ್ನ್ ಪುಸ್ತಕಕ್ಕಿಂತಲೂ ಚೆನ್ನಾಗಿದೆ.

ಈಗ ಗಟ್ಟಿ ಮಾಡೋದು. ಬಿಳಿ ಪಿವಿಎ ಅಂಟು ಒಂದು ಪಾಲು, ನೀರು ಒಂದು ಪಾಲು ಕಲಸಿ. ಸ್ನೋಫ್ಲೇಕನ್ನ ಅದರಲ್ಲಿ ಪೂರ್ತಿ ಅದ್ದಿ, ಬೆರಳಲ್ಲಿ ಮೆಲ್ಲಗೆ ಹಿಂಡಿ, ತೂತುಗಳಲ್ಲಿ ಅಂಟಿನ ಪರದೆ ಕಟ್ಟಿದ್ರೆ ಊದಿ ತೆಗೀರಿ. ಒಂದು ಪೇಪರ್ ಮೇಲೆ ವೃತ್ತ ಬರೆದು, ನಡುವಿನಿಂದ 60 ಡಿಗ್ರಿಗೊಂದರ ಹಾಗೆ ಆರು ಗೆರೆ ಎಳೆದು, ಅದನ್ನ ಥರ್ಮಾಕೋಲ್ ಮೇಲಿಟ್ಟು, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ. ಆರು ತುದೀನೂ ಆರು ಗೆರೆ ಮೇಲೆ ಎಳೆದು ಪಿನ್ ಚುಚ್ಚಿ. ಪಿನ್ ತುಕ್ಕು ಹಿಡಿಯದೇ ಇರೋದೇ ಆಗಿರ್ಬೇಕು, ಬಿಳಿ ದಾರದ ಮೇಲೆ ತುಕ್ಕಿನ ಚುಕ್ಕೆ ಕೂತ್ರೆ ಹೋಗಲ್ಲ. ಒಂದು ದಿನ ಪೂರ್ತಿ ಹಾಗೇ ಬಿಡಿ. ಸಕ್ಕರೆ ಪಾಕದಲ್ಲಿ ಅದ್ದೋದೂ ಹಳೇ ಪದ್ಧತಿನೇ, ಆದ್ರೆ ಇರುವೆ ಬರುತ್ತೆ, ತೇವ ಇದ್ರೆ ಅಂಟಂಟು. ಬಟ್ಟೆಗೆ ಹಾಕೋ ಗಂಜಿ ಗಟ್ಟಿಯಾಗಿ ಮಾಡಿ ಹಾಕಿದ್ರೂ ನಿಲ್ಲುತ್ತೆ, ಅಂಟಿನಷ್ಟು ಬಿಗಿ ಇರಲ್ಲ ಆದ್ರೆ ಒಗೆದು ಮತ್ತೆ ಹಾಕಬಹುದು.

ಕಡ್ಡಿಪುಟ್ಟಿ:

ಮಧ್ಯದಲ್ಲಿ ಬಂದೆ ಸಾರಿ. ಬಿಳಿದಾರ ಅಕ್ಕಾ, ನೀವು ಸಿಂಗಲ್ ಅಂದಿದ್ದು ಯುಎಸ್ ಲೆಕ್ಕದ್ದು ತಾನೇ? ನಾನು ಹೋದ ವರ್ಷ ಟ್ರೀಗೆ ತೂಗುಹಾಕೋ ಗಂಟೆ ಮಾಡೋಕೆ ಹೋಗಿ ಯುಕೆ ಪ್ಯಾಟರ್ನ್‌ನಲ್ಲಿ ಡಬಲ್ ಅಂತ ಬರೆದಿದ್ದನ್ನ ಯುಎಸ್ ಡಬಲ್ ಅಂತ ತಿಳ್ಕೊಂಡು ಹೆಣೆದೆ, ಗಂಟೆ ಹೋಗಿ ಲೋಟದಷ್ಟು ಎತ್ತರ ಆಯ್ತು.

ಬಿಳಿದಾರ:

ಹೌದು ಪುಟ್ಟಿ, ಯುಎಸ್‌ದೇ. ಯುಎಸ್‌ನ ಸಿಂಗಲ್ಲೇ ಯುಕೆಯ ಡಬಲ್, ಯುಎಸ್‌ನ ಡಬಲ್ಲೇ ಯುಕೆಯ ಟ್ರೆಬಲ್. ಪ್ಯಾಟರ್ನ್ ಮೇಲೆ ಬರೆದಿಲ್ಲ ಅಂದ್ರೆ ಎಲ್ಲಾದ್ರೂ ಸಿಂಗಲ್ ಕ್ರೋಶೆ ಅನ್ನೋ ಪದ ಇದ್ಯಾ ನೋಡು, ಇದ್ರೆ ಯುಎಸ್ ಅಂತ್ಲೇ ಹಿಡಿ, ಯುಕೆ ಪ್ಯಾಟರ್ನ್‌ಗಳಲ್ಲಿ ಆ ಹೆಸರು ಸಾಮಾನ್ಯವಾಗಿ ಬರಲ್ಲ.

ಗೊಂಬೆಮನೆ:

ಎರಡು ವರ್ಷದ ಮಗು ಅಂದ್ರಲ್ಲ, ದಯವಿಟ್ಟು ಗೊಂಬೆಗೆ ಪ್ಲಾಸ್ಟಿಕ್ ಕಣ್ಣು ಹಾಕ್ಬೇಡಿ. ಸೇಫ್ಟಿ ಐಸ್ ಅಂತ ಹೆಸರಿದ್ರೂ ಮೂರು ವರ್ಷದ ಒಳಗಿನ ಮಕ್ಕಳಿಗೆ ಅದು ಸೇಫ್ ಅಲ್ಲ. ಮಗು ಗೊಂಬೆನ ಬಾಯಲ್ಲಿ ಕಚ್ಚಿ ಎಳೆಯುತ್ತೆ, ಹೆಣಿಗೆಯ ತೂತು ಹಿಗ್ಗುತ್ತೆ, ಹಿಂದಿನ ವಾಷರ್ ಗಟ್ಟಿ ಇದ್ರೂ ಕಣ್ಣು ಅದರ ಸಮೇತ ಈಚೆ ಬರಬಹುದು. ಗುಂಡಿ, ಮಣಿ, ಗೆಜ್ಜೆ ಯಾವುದೂ ಬೇಡ. ಕಪ್ಪು ದಾರದಲ್ಲಿ ಕಣ್ಣು ಕಸೂತಿ ಮಾಡಿ, ಅಡ್ಡಕ್ಕೆ ನಾಲ್ಕೈದು ಹೊಲಿಗೆ ಹಾಕಿದ್ರೆ ನಿದ್ದೆ ಮಾಡ್ತಿರೋ ಕಣ್ಣಿನ ಥರ ಎಷ್ಟು ಮುದ್ದಾಗಿರುತ್ತೆ ಗೊತ್ತಾ.

ಹೆಣೆಯುವಾಗ ದಾರದ ಲೇಬಲ್‌ನಲ್ಲಿ 4 ಎಂಎಂ ಅಂತ ಇದ್ರೆ ನೀವು 3 ಇಲ್ಲಾ 2.5 ಹಿಡೀರಿ. ಹೆಣಿಗೆ ಬಿಗಿ ಇಲ್ಲ ಅಂದ್ರೆ ಒಳಗಿನ ಹತ್ತಿ ಬಿಳಿ ಬಿಳಿಯಾಗಿ ಇಣುಕುತ್ತೆ, ಮಗು ಅದನ್ನ ಕಿತ್ತು ಬಾಯಿಗೂ ಹಾಕ್ಕೊಳುತ್ತೆ. ತಲೆಗೆ ಸುತ್ತಿಂದ ಸುತ್ತಿಗೆ ಹೊಲಿಗೆ 6, 12, 18, 24, 30 ಅಂತ ಹೆಚ್ಚಿಸ್ತಾ ಹೋಗಿ, ಐದಾರು ಸುತ್ತು ನೇರ ಹೆಣೆದು ಮತ್ತೆ ಅದೇ ಲೆಕ್ಕದಲ್ಲಿ ಇಳಿಸ್ಕೊಂಡು ಬನ್ನಿ. ಸುತ್ತಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಡಿ, ಇಲ್ಲಾಂದ್ರೆ ಎಣಿಕೆ ತಪ್ಪುತ್ತೆ. ಇಳಿಸುವಾಗ ಎರಡು ಹೊಲಿಗೆಯ ಮುಂದಿನ ಎಳೆ ಮಾತ್ರ ಹಿಡಿದು ಸೇರಿಸಿದ್ರೆ ಗಂಟು ಕಾಣಲ್ಲ. ಕೈಕಾಲು ಬೇರೆ ಹೆಣೆದು ಹೊಲಿಯೋದಾದ್ರೆ ಸುತ್ತಲೂ ಎರಡೆರಡು ಸಲ ಹೊಲೀರಿ, ಆಮೇಲೆ ನೀವೇ ಜೋರಾಗಿ ಎಳೆದು ನೋಡಿ. ನಾನು ಪ್ರತೀ ಗೊಂಬೇನೂ ಎಳೆದು ನೋಡಿದ ಮೇಲೇ ಕೊಡೋದು, ಮನಸ್ಸಿಗೆ ಆಗಲೇ ಸಮಾಧಾನ.

ಕೆಂಪುಬಿಳಿ:

ಎರಡೇ ಮಾತು. ಅಮ್ಮಂಗೆ ಬಿಸಿ ಪಾತ್ರೆ ಹಿಡಿಯೋಕೆ ಅಂದ್ರಲ್ಲ, ಅದು ಅಕ್ರಿಲಿಕ್‌ನಲ್ಲಿ ಖಂಡಿತ ಬೇಡ. ಅಕ್ರಿಲಿಕ್ ಅಂದ್ರೆ ಪ್ಲಾಸ್ಟಿಕ್ಕೇ, ಬಿಸಿಗೆ ಕರಗಿ ಕೈಗೆ ಅಂಟ್ಕೊಳ್ಳುತ್ತೆ. 100% ಕಾಟನ್ ತಗೊಳಿ, ತೂತು ಬರೋ ಡಿಸೈನ್ ಬೇಡ, ಒತ್ತಾಗಿ ಎರಡು ಚೌಕ ಹೆಣೆದು ಒಂದರ ಮೇಲೊಂದಿಟ್ಟು ಸುತ್ತಲೂ ಸೇರಿಸಿ.

ಇನ್ನೊಂದು, ಕ್ರಿಸ್‌ಮಸ್ ಅಂದ್ರೆ ಕೆಂಪು ಬಿಳಿ ಜೊತೆಜೊತೆಗೆ ಬಂದೇ ಬರುತ್ತೆ. ನಾನು ಒಂದು ಸಲ ತಂಗಿ ಮಗನಿಗೆ ಕೆಂಪು ಟೋಪಿಗೆ ದಪ್ಪ ಬಿಳಿ ಅಂಚು ಕಟ್ಟಿ, ಮುಗಿದ ಖುಷಿಗೆ ನೀರಲ್ಲಿ ನೆನೆಸಿಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಬಕೆಟ್ ನೀರು ಗುಲಾಬಿ, ಬಿಳಿ ಅಂಚೂ ಗುಲಾಬಿ, ಎಷ್ಟು ತೊಳೆದ್ರೂ ಹೋಗ್ಲಿಲ್ಲ. ಹಬ್ಬಕ್ಕೆ ಎರಡು ದಿನ ಇತ್ತು, ಅಂಚು ಪೂರ್ತಿ ಬಿಚ್ಚಿ ರಾತ್ರಿ ಕೂತು ಮತ್ತೆ ಹೆಣೆದೆ. ಅವತ್ತಿಂದ ಶುರು ಮಾಡೋ ಮುಂಚೆನೇ ಕೆಂಪು ದಾರ ಒಂದು ಗೇಣು ಕತ್ತರಿಸಿ, ಬೆಚ್ಚಗಿನ ನೀರಲ್ಲಿ ಅದ್ದಿ, ಬಿಳಿ ಟಿಶ್ಯೂ ನಡುವೆ ಒತ್ತಿ ನೋಡ್ತೀನಿ. ಬಣ್ಣ ಹತ್ತಿದ್ರೆ ಆ ದಾರ ಬಿಳಿ ಜೊತೆ ಸೇರಿಸಲ್ಲ. ಹಾಗೇ ಒಂದೇ ಬಣ್ಣದ ಉಂಡೆ ಎರಡು ಮೂರು ಬೇಕಂದ್ರೆ ಲೇಬಲ್ ಮೇಲಿನ ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ದಾರಕ್ಕೆ ಕೊಡೋ ನಂಬರ್) ಒಂದೇ ಇದ್ಯಾ ನೋಡಿ ಒಟ್ಟಿಗೇ ತಗೊಳಿ, ಆಮೇಲೆ ತಂದ ಕೆಂಪು ಮೊದಲಿನ ಕೆಂಪಿಗೆ ಹೊಂದಲ್ಲ.

ನೂಲುಂಡೆ:

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಶಾಲು ಬಿಟ್ಟೆ, ಅತ್ತಿಗೆಗೆ ಕೌಲ್. ಗೊಂಬೆಗೆ ಕಣ್ಣು ತಂದಿಟ್ಟಿದ್ದೆ, ಅದನ್ನ ಎತ್ತಿಟ್ಟು ಕಸೂತಿನೇ ಮಾಡ್ತೀನಿ. ಒಂದೇ ಡೌಟು ಉಳೀತು, ಅಣ್ಣ ಬೇರೆ ಊರಲ್ಲಿದಾನೆ, ಗೊತ್ತಾಗದ ಹಾಗೆ ಟೋಪಿ ಅಳತೆ ಹೇಗೆ ತಗೊಳ್ಳೋದು?

ಸಂಜೆಹೆಣಿಗೆ:

ಅತ್ತಿಗೆಗೆ ಹೇಳಿ, ಅಣ್ಣನ ಹಳೇ ಟೋಪಿನೋ ಹೆಲ್ಮೆಟ್ಟೋ ಇದ್ರೆ ಅದರ ಒಳಸುತ್ತು ಅಳೆದು ಕಳಿಸ್ಲಿ. ಏನೂ ಸಿಗ್ಲಿಲ್ಲ ಅಂದ್ರೆ ದೊಡ್ಡವರ ತಲೆ ಸುತ್ತಳತೆ 56 ಸೆಂ.ಮೀ. ಸುಮಾರಿಗೆ ಇರುತ್ತೆ ಅಂತ ಇಟ್ಕೊಳಿ. ಹೆಣಿಗೆ ಹಿಗ್ಗುತ್ತಲ್ಲ, ಮೂರು ಕಳೀರಿ, 53. ಅದನ್ನ 3.14ರಿಂದ ಭಾಗಿಸಿದ್ರೆ ಹತ್ರ ಹತ್ರ 17. ಅಂದ್ರೆ ನೆತ್ತಿಯಿಂದ ಶುರುಮಾಡಿ ಚಪ್ಪಟೆ ವೃತ್ತ ಹೆಣೀತಾ ಹೋಗಿ, ಅಡ್ಡಗಲ 17 ಸೆಂ.ಮೀ. ಬಂದ ತಕ್ಷಣ ಹೆಚ್ಚಿಸೋದು ನಿಲ್ಲಿಸಿ, ಅಲ್ಲಿಂದ ನೇರ ಕೆಳಗೆ. ನಡುನೆತ್ತಿಯಿಂದ ಅಂಚಿನ ತನಕ 20-22 ಸೆಂ.ಮೀ. ಬಂದ್ರೆ ಕಿವಿ ಮುಚ್ಚುತ್ತೆ. ವೃತ್ತ ಹೆಣೆಯುವಾಗ ಡಬಲ್ ಕ್ರೋಶೆ ಆದ್ರೆ ಪ್ರತೀ ಸುತ್ತಿಗೂ 12 ಹೊಲಿಗೆ ಹೆಚ್ಚಿಸಿ, ಸಿಂಗಲ್ ಆದ್ರೆ 6. ವೃತ್ತ ಅಲೆ ಅಲೆಯಾಗಿ ಎದ್ರೆ ಜಾಸ್ತಿ ಹೆಚ್ಚಿಸಿದೀರಿ, ಬಟ್ಟಲ ಥರ ಗುಂಡಿ ಬಿದ್ರೆ ಕಮ್ಮಿ ಆಗಿದೆ ಅಂತ.

ನೂಲುಂಡೆ:

ಬರ್ಕೊಂಡೆ. ಬಿಳಿದಾರ ಅಕ್ಕಾ, ನೀವು ಹೇಳಿದ್ದು ಭಾನುವಾರನೇ ಮಾಡಿ ನೋಡಿದೆ. ನಿನ್ನೆ ಬೆಳಿಗ್ಗೆ ಪಿನ್ ಒಂದೊಂದೇ ತೆಗೆದು ಪ್ಲಾಸ್ಟಿಕ್‌ನಿಂದ ಮೆಲ್ಲಗೆ ಬಿಡಿಸ್ಕೊಂಡೆ, ಅಂಗೈ ಮೇಲಿಟ್ರೆ ಆರು ತುದೀನೂ ನೆಟ್ಟಗೆ ನಿಂತಿದೆ, ಉಗುರಲ್ಲಿ ತಟ್ಟಿದ್ರೆ ಟಕ್ ಅಂತ ಶಬ್ದ ಬರುತ್ತೆ! ಒಂದು ತುದಿಗೆ ಬಿಳಿ ದಾರ ಕಟ್ಟಿ ಕಿಟಕಿಗೆ ತೂಗುಹಾಕಿದೀನಿ. ಇವತ್ತು ರಾತ್ರಿ ಎರಡನೇದು ಶುರು, ಇನ್ನೂ ಏಳು ಆಗ್ಬೇಕು.